ಮಕಾಡೆ ಮಲಗಿದವರ ಸರ್ವರ್

ನಮ್ಮ ಯಜಮಾನರ ಬಲಗಣ್ಣಿನ ಪರದೆ ಕಳಚಿಕೊಂಡಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿದ ಡಾಕ್ಟರು ಪರದೆಯನ್ನು ಮತ್ತೆ ಅಂಟಿಸಿ, ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ತುಂಬಿಸಿ ಹಾಸನಕ್ಕೆ ಕಳಿಸಿದರು. ಆ ಗುಳ್ಳೆ ಮೇಲಕ್ಕೇರಿ ಪರದೆಯನ್ನು ಒತ್ತಿ ಹಿಡಿದಿರಬೇಕಾದರೆ ಇವರ ಮುಖ ಯಾವಾಗಲೂ ನೆಲದ ಕಡೆಗೇ ಇರಬೇಕು. ಊಟ ಮಾಡುವಾಗಲೂ, ಮಾತಾಡುವಾಗಲೂ, ನಿದ್ದೆಯಲ್ಲೂ. "ಮಕಾಡೆ ಮಲಗಿಸಿ, ಅದೇ ಈಗ ದೊಡ್ಡ ಔಷಧಿ" ಅಂದರು ಡಾಕ್ಟರು.

ಮಂಚದ ಅಡ್ಡಕ್ಕೆ ಹಾಸಿಗೆ ಹಾಕಿ, ತಲೆ ಮಂಚದಾಚೆ ಬರುವ ಹಾಗೆ ದಿಂಬುಗಳನ್ನು ಜೋಡಿಸಿ ಮಲಗಿಸಿದೆ. ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಕಣ್ಣಿನ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ಹೆಸರುಗಳನ್ನು ಗುರುತಿಸಿದ್ದೇನೋ ಲೆಕ್ಕವಿಲ್ಲ. ಆದರೂ ಮನೆಯ ಮನುಷ್ಯನ ಕಣ್ಣಿನೊಳಗೆ ಗುಳ್ಳೆಯೊಂದು ತೇಲುತ್ತಿದೆ ಎನ್ನುವುದನ್ನು ನಂಬಿಕೊಂಡು ಓಡಾಡುವುದು ನನಗೆ ಕಷ್ಟವಾಗಿತ್ತು. ಸ್ಕೂಲಿಗೆ ಕೆಲವು ದಿನ ರಜೆ ಹಾಕಿದ್ದೆ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದಳು, ಅವಳನ್ನು ಕರೆಸಿಕೊಂಡಿರಲಿಲ್ಲ.

ಹೀಗಿರುವಾಗ ಚನ್ನರಾಯಪಟ್ಟಣದಿಂದ ಫೋನ್ ಬಂತು. ನಮ್ಮವರ ಪಾಲಿಟೆಕ್ನಿಕ್ ಗೆಳೆಯರು, ಅಲ್ಲಿ ಕರೆಂಟಿನ ಸಬ್‌ಸ್ಟೇಷನ್ನಿನಲ್ಲಿ ಕೆಲಸ. ಆರೋಗ್ಯ ವಿಚಾರಿಸಿದರು. ಆಮೇಲೆ, "ಅತ್ಗೆ, ತಪ್ಪು ತಿಳ್ಕಬ್ಯಾಡಿ. ಸರ್ವರ್ ಮಕಾಡೆ ಮಲಗೈತೆ" ಅಂದರು.

"ಹೌದು, ಮಲಗಿದಾರೆ. ಡಾಕ್ಟ್ರು ಹಾಗೇ ಇರ್ಬೇಕು ಅಂದಿದಾರೆ" ಅಂದೆ.

"ಅಯ್ಯೋ, ಅವನಲ್ಲ ಅತ್ಗೆ. ಸರ್ವರ್ರು."

ಬ್ಯಾಂಕಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಅನ್ನಿಸಿಕೊಂಡು ಬಂದವಳು ನಾನು. ಸರ್ವರ್ ಅನ್ನುವುದು ಎಲ್ಲೋ ದೊಡ್ಡ ಊರಿನ ದೊಡ್ಡ ಕಟ್ಟಡದಲ್ಲಿರುವ ವಸ್ತು ಎಂದುಕೊಂಡಿದ್ದೆ. ನಮ್ಮ ಮನೆಯ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ, ಹಳೇ ಟವಲ್ ಹೊದ್ದುಕೊಂಡು ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದ ಆ ಹಳೇ ಕಂಪ್ಯೂಟರೇ ಸರ್ವರ್ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ ಇವರು "ಅದು ಆಫ್ ಮಾಡ್ಬೇಡ ಕಣೇ, ಕೆಲ್ಸ ಐತೆ" ಅನ್ನುತ್ತಿದ್ದರು. ನೀರಾವರಿ ಇಲಾಖೆಯ ಎಂಜಿನಿಯರು, ಕಾಲುವೆಯ ನಕ್ಷೆ ಏನಾದರೂ ಇರಬಹುದು ಎಂದು ನಾನೂ ಸುಮ್ಮನಿದ್ದೆ.

ಹೋಗಿ ನೋಡಿದರೆ ಗುಂಯ್ ಸದ್ದಿಲ್ಲ. ನಾವು ಮೈಸೂರಿನಲ್ಲಿದ್ದಾಗ ಮಳೆಗಾಳಿಗೆ ಕರೆಂಟು ಏರುಪೇರಾಗಿ, ಒಳಗೆ ಏನೋ ಸುಟ್ಟ ವಾಸನೆ. ಇವರಿಗೆ ಹೇಳಿದೆ. ನೆಲ ನೋಡಿಕೊಂಡೇ ಅವರು ಒಂದು ನಿಟ್ಟುಸಿರು ಬಿಟ್ಟರು. ಆಪರೇಷನ್ ಕೋಣೆಗೆ ಹೋಗುವಾಗಲೂ ಹಾಗೆ ನಿಟ್ಟುಸಿರು ಬಿಟ್ಟಿರಲಿಲ್ಲ.

"ಏನಿತ್ತು ಅದರಲ್ಲಿ?" ಅಂದೆ.

"ಎಲ್ಲಾ ಅದ್ರಲ್ಲೇ ಇತ್ತು" ಅಂದರು.

ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು. ಅದೊಂದು ಆಟ. ಆಕಾಶದಲ್ಲಿ ಸಾವಿರಾರು ತಾಣಗಳು, ಅವನ್ನು ಸೆಕ್ಟರ್ ಅನ್ನುತ್ತಾರೆ. ಕೆಲವು ಸೆಕ್ಟರುಗಳಲ್ಲಿ ಪೋರ್ಟುಗಳಿವೆ, ಅಂದರೆ ವ್ಯಾಪಾರದ ಬಂದರುಗಳು. ಒಂದು ಬಂದರಿನಲ್ಲಿ ಅದಿರು ಅಗ್ಗ, ಇನ್ನೊಂದರಲ್ಲಿ ತುಟ್ಟಿ. ಒಬ್ಬೊಬ್ಬರಿಗೂ ಒಂದು ಹಡಗು. ಇಲ್ಲಿ ಕೊಂಡು ಅಲ್ಲಿ ಮಾರಿ, ಲಾಭ ಬಂದರೆ ದೊಡ್ಡ ಹಡಗು, ಆಮೇಲೆ ಸ್ವಂತಕ್ಕೊಂದು ಗ್ರಹ. ಚಿತ್ರವಿಲ್ಲ, ಸಂಗೀತವಿಲ್ಲ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಷ್ಟೇ. ಪಾಲಿಟೆಕ್ನಿಕ್ಕಿನಲ್ಲಿ ಕಲಿತಿದ್ದ ಆ ಆಟವನ್ನು ಮೂವರು ಗೆಳೆಯರು ಬಹಳ ವರ್ಷದ ಮೇಲೆ ಮತ್ತೆ ಶುರು ಮಾಡಿದ್ದರು. ಇವರು ಇಲ್ಲಿಂದ, ಒಬ್ಬರು ಚನ್ನರಾಯಪಟ್ಟಣದಿಂದ, ಇನ್ನೊಬ್ಬರು ಅರಕಲಗೂಡಿನ ತಮ್ಮ ಬೀಜ ಗೊಬ್ಬರದ ಅಂಗಡಿಯಿಂದ. ಮೂವರ ಹಡಗು, ಗ್ರಹ, ಲಾಭ ನಷ್ಟ ಎಲ್ಲವೂ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇದ್ದುವು.

ಐವತ್ತು ದಾಟಿದ ಗಂಡಸರು. ಒಂದು ಕಣ್ಣು ಉಳಿಯುತ್ತದೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ಗ್ರಹದ ಚಿಂತೆ. ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ, ಯಾಕೆಂದು ಗೊತ್ತಿಲ್ಲ. ಬಹುಶಃ ದಿನವಿಡೀ ನೆಲದ ಟೈಲ್ಸ್ ನೋಡುತ್ತಿದ್ದ ಮನುಷ್ಯ ಮೊದಲ ಸಲ ಬೇರೆ ಮಾತು ಆಡಿದ್ದು ನನಗೂ ಬೇಕಾಗಿತ್ತು.

ಮಾರನೇ ದಿನ ಸುಟ್ಟ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಬಸ್‌ಸ್ಟ್ಯಾಂಡ್ ಕಡೆಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಬಿಚ್ಚಿ ನೋಡಿ, "ಇದು ಮುಗೀತು ಮೇಡಂ. ಹಾರ್ಡ್ ಡಿಸ್ಕ್ ಮಾತ್ರ ಬದುಕಿದೆ" ಎಂದು ಅದೊಂದನ್ನು ಕಿತ್ತು ಸಣ್ಣ ಡಬ್ಬಿಯೊಳಗೆ ಕೂರಿಸಿ, ಒಂದು ವೈರ್ ಕೊಟ್ಟರು. ಲ್ಯಾಪ್‌ಟಾಪಿಗೆ ಚುಚ್ಚಿದರೆ ಒಳಗಿನದೆಲ್ಲ ಕಾಣುತ್ತದಂತೆ. ಮಕ್ಕಳ ಅಂಕ ತುಂಬಲು ನಾನು ಇಟ್ಟುಕೊಂಡಿದ್ದ ಲ್ಯಾಪ್‌ಟಾಪನ್ನೇ ಸರ್ವರ್ ಮಾಡುವುದು ಎಂದು ಇವರು ಮಲಗಿದಲ್ಲಿಂದಲೇ ತೀರ್ಮಾನ ಮಾಡಿದರು.

ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿ ಕೂತೆ. ಮೊದಲು ಲ್ಯಾಪ್‌ಟಾಪನ್ನು ಇವರ ಮುಖದ ಕೆಳಗೇ ಇಟ್ಟು ನೋಡಿದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲಿನಿಂದಲೂ ಮಂದ, ಸಾಲದ್ದಕ್ಕೆ ಅದಕ್ಕೂ ಔಷಧಿಯ ಹನಿ. "ಬೆಳಕು ಕಾಣ್ತದೆ, ಅಕ್ಷರ ಇಲ್ಲ" ಅಂದರು. ಹಾಗಾಗಿ ಪರದೆಯ ಮೇಲೆ ಬಂದದ್ದನ್ನೆಲ್ಲ ನಾನು ಗಟ್ಟಿಯಾಗಿ ಓದುವುದು, ಅವರು ಹೇಳಿದ್ದನ್ನು ಒತ್ತುವುದು ಎಂದಾಯಿತು.

ಇಂಟರ್ನೆಟ್ಟಿನಿಂದ ಆಟದ ಕಡತವನ್ನು ಇಳಿಸಿಕೊಂಡೆ. ತೆರೆದಾಗ ಕಂಪ್ಯೂಟರು, ಇದನ್ನು ಮಾಡಿದವರು ಯಾರೋ ಗೊತ್ತಿಲ್ಲ, ನಡೆಸಲೇ ಎಂದು ಕೇಳಿತು. ಬೇಡ ಅಂದೆ. ಸ್ಕೂಲಿಗೆ ಪೊಲೀಸರು ಬಂದು, ಗೊತ್ತಿಲ್ಲದ್ದಕ್ಕೆ ಹೂಂ ಅನ್ನಬೇಡಿ, ಬ್ಯಾಂಕಿನಲ್ಲಿರುವುದೆಲ್ಲ ಹೋಗುತ್ತದೆ ಎಂದು ಎರಡು ಗಂಟೆ ಹೇಳಿ ಹೋಗಿದ್ದರು. ನಾನದನ್ನು ಶ್ರದ್ಧೆಯಿಂದ ಕೇಳಿದ್ದೆ.

"ಆಯ್ತಾ?" ಅಂದರು ಇವರು.

"ಏನೂ ಆಗ್ತಾ ಇಲ್ಲ."

"ಏನ್ ಕೇಳ್ತು?"

"ನಡೆಸ್ಲಾ ಅಂತ ಕೇಳ್ತು. ಬೇಡ ಅಂದೆ."

ಇವರು ದಿಂಬಿಗೆ ಹಣೆ ಒತ್ತಿಕೊಂಡರು. "ಇನ್ನೊಂದ್ಸಲ ಮಾಡು. ಈ ಸಲ ಹೂಂ ಅನ್ನು" ಅಂದರು.

ಹೂಂ ಅಂದೆ. ಕಪ್ಪು ಕಿಟಕಿಯೊಂದು ತೆರೆದುಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆಗಳು ಬರತೊಡಗಿದವು. ಪಾಸ್‌ವರ್ಡ್ ಕೇಳಿತು. ಟೈಪ್ ಮಾಡಿದರೆ ಒಂದಕ್ಷರವೂ ಮೂಡುವುದಿಲ್ಲ. ಕೀಲಿಗಳು ಕೆಟ್ಟಿವೆ ಎಂದುಕೊಂಡು ಒಂದೇ ಅಕ್ಷರವನ್ನು ಹತ್ತಾರು ಸಲ ಒತ್ತಿದೆ. ಕಾಣಿಸದಿರುವುದೇ ಅದರ ಕ್ರಮವಂತೆ. ಅಳಿಸಿ ಮತ್ತೆ ಮಾಡಿದೆ. ಆಮೇಲೆ ಇನ್ನೊಂದು ಪ್ರಶ್ನೆ ಬಂತು. ಓದುವ ಮೊದಲೇ ಎಂಟರ್ ಒತ್ತಿದೆನೋ, ಕೈ ತಗುಲಿತೋ, ಸಾಲುಗಳು ಸರಸರ ಓಡತೊಡಗಿದವು.

"ಏನಾಗ್ತಿದೆ? ಓದು."

"ವಿಶ್ವ ಸೃಷ್ಟಿ ಆಗ್ತಿದೆಯಂತೆ ರೀ. ಅರ್ಧ ಆಗಿದೆ."

"ಹೊಸ ವಿಶ್ವ ಯಾಕೆ ಬೇಕು? ಹಳೇದು ಡಬ್ಬೀಲಿ ಐತಲ್ಲ. ನಿಲ್ಸು."

"ಹೇಗೆ ನಿಲ್ಸೋದು?"

ಅವರು ಹೇಳುವಷ್ಟರಲ್ಲಿ ಸೃಷ್ಟಿ ಮುಗಿದಿತ್ತು. ಯಾರೂ ಇಲ್ಲದ, ಖಾಲಿ ಬಂದರುಗಳ ಒಂದು ವಿಶ್ವ ನನ್ನ ಲ್ಯಾಪ್‌ಟಾಪಿನಲ್ಲಿ, ಒಂಬತ್ತನೇ ತರಗತಿಯ ಅಂಕಗಳ ಪಕ್ಕದಲ್ಲಿ ಕೂತಿತ್ತು. ಅದನ್ನು ಅಳಿಸಿ ಅದರ ಜಾಗಕ್ಕೆ ಹಳೆಯ ಡಿಸ್ಕಿನ ಕಡತಗಳನ್ನು ತಂದು ಹಾಕಬೇಕು ಅಂದರು. ಹಳೆಯದನ್ನು ಅಳಿಸುತ್ತಿದ್ದೇನೋ ಹೊಸದನ್ನೋ ಎಂದು ಹೆಸರುಗಳನ್ನು ಅವರಿಗೆ ಬಾರಿ ಬಾರಿ ಓದಿ ಹೇಳಿದೆ.

ಹಳೆಯದು ಬಂದು ಕೂತಿತು. ಆಟಗಾರರ ಪಟ್ಟಿ ಓದು ಅಂದರು. ಓದಿದೆ. ಮೂವರ ಹೆಸರಿನ ಕೆಳಗೆ ನಾಲ್ಕನೆಯದೊಂದು ಇತ್ತು.

"ಟೆಸ್ಟ್ ಟು ಅಂತ ಒಂದಿದೆ."

"ಓ, ಅದಾ. ಅರಕಲಗೂಡಿನೋನು ಶುರುನಲ್ಲಿ ನೋಡಕ್ಕೆ ಅಂತ ಮಾಡ್ಕಂಡಿದ್ದು. ಕಸ. ತೆಗ್ದಾಕು."

ತೆಗೆದು ಹಾಕಿದೆ. ಖಚಿತವಾ ಎಂದು ಕೇಳಿತು. ಈಗ ಎಲ್ಲದಕ್ಕೂ ಹೂಂ ಅನ್ನುವುದು ನನಗೆ ರೂಢಿಯಾಗಿತ್ತು.

ಇನ್ನೇನು ಮುಗಿಯಿತು ಎಂದುಕೊಂಡೆ. ನಮ್ಮ ಮನೆಯೊಳಗೆ ಆಟ ನಡೆಯುತ್ತಿತ್ತು, ಹೊರಗಿನಿಂದ ಗೆಳೆಯರಿಗೆ ಸಿಗುತ್ತಿರಲಿಲ್ಲ. "ಪೋರ್ಟ್ ಓಪನ್ ಆಗಿಲ್ಲ. ಓಪನ್ ಮಾಡು" ಅಂದರು. ನಾನು ಆಟದೊಳಗೆ ಹೋಗಿ, ಹುಡುಕಿ ಹುಡುಕಿ ಒಂದು ಪೋರ್ಟ್ ಕಂಡುಹಿಡಿದು ತೆರೆದೆ. ಅದಿರು ಬೇಕೇ, ಧಾನ್ಯ ಬೇಕೇ ಎಂದು ಕೇಳಿತು. "ತೆಗೆದಿದೀನಿ, ಅದಿರು ಇದೆಯಂತೆ, ತಗೊಳ್ಲಾ?" ಅಂದೆ.

ಆ ಪೋರ್ಟ್ ಬೇರೆ, ಈ ಪೋರ್ಟ್ ಬೇರೆ ಎಂದು ಅರ್ಥ ಮಾಡಿಸಲು ಅವರಿಗೆ ಒಂದು ಮಧ್ಯಾಹ್ನ ಹಿಡಿಯಿತು. ಅದು ಆಕಾಶದ ಬಂದರು. ಇದು ಕಂಪ್ಯೂಟರಿನ ಬಾಗಿಲು. ನಂಬರು ಹಾಕಿರುವ ಬಾಗಿಲುಗಳು ಬಹಳ ಇವೆ, ಅದರಲ್ಲಿ ಒಂದನ್ನು ಈ ಆಟಕ್ಕೆ ಬಿಡಬೇಕು. ಹೊರಗಿನಿಂದ ಬಂದವರು ಮೊದಲು ಟೀವಿ ಹಿಂದಿನ ವೈಫೈ ಪೆಟ್ಟಿಗೆಗೆ ಬರುತ್ತಾರೆ. ಅದು ಅವರನ್ನು ಇನ್ನೂ ಸುಟ್ಟುಹೋದ ಕಂಪ್ಯೂಟರಿನ ಕಡೆಗೇ ಕಳಿಸುತ್ತಿದೆ. ಅಲ್ಲಿ ಯಾರೂ ಇಲ್ಲ. ಆ ಪೆಟ್ಟಿಗೆಗೆ ಮನೆ ಬದಲಾಯಿಸಿದೆ ಎಂದು ತಿಳಿಸಬೇಕು. ಇಷ್ಟು ಹೇಳಿದ ಮೇಲೆ ನನಗೆ ಸ್ವಲ್ಪ ಹೊಳೆಯಿತು. ಪೆಟ್ಟಿಗೆಯ ಅಡಿಯ ಚೀಟಿಯಲ್ಲಿದ್ದ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ, ಹಳೇ ಕಂಪ್ಯೂಟರಿನ ವಿಳಾಸದ ಕೊನೆಯ ಅಂಕೆಯನ್ನು ಬದಲಾಯಿಸಿದೆ.

ಫೋನ್ ಬಂತು. ಅರಕಲಗೂಡಿನವರು. "ಬಂದ್ಬುಟ್ಟೆ ಅತ್ಗೆ. ಒಳೀಕ್ ಬಂದಿವ್ನಿ. ನನ್ ಗ್ರಹ ಅಂಗೇ ಐತೆ" ಅಂದರು. ಯಾರೋ ನಮ್ಮ ಮನೆಯೊಳಗೇ ನಿಂತು ಹೇಳಿದ ಹಾಗಾಗಿ ನಾನು ಒಮ್ಮೆ ಬಾಗಿಲ ಕಡೆ ನೋಡಿದೆ. ಇವರ ಮುಖ ಕಾಣುತ್ತಿರಲಿಲ್ಲ. ಕುತ್ತಿಗೆಯ ಹಿಂಭಾಗ ಸಡಿಲವಾದದ್ದು ಮಾತ್ರ ಕಂಡಿತು.

ರಜೆ ಮುಗಿದು ಸ್ಕೂಲಿಗೆ ಹೊರಟ ಮೊದಲ ದಿನ, ಪಕ್ಕದ ಮನೆಯ ಅಜ್ಜಿಗೆ ಇವರನ್ನು ನೋಡಿಕೊಳ್ಳಲು ಹೇಳಿ, ಲ್ಯಾಪ್‌ಟಾಪ್ ಮುಚ್ಚಿ, ರೈಲು ಹತ್ತಿ ಹೊಳೆನರಸೀಪುರಕ್ಕೆ ಹೋದೆ. ಎರಡನೇ ಪೀರಿಯಡ್ಡಿನಲ್ಲಿ ಫೋನು ನಡುಗಿತು. ಮನೆಯಲ್ಲಿ ಏನಾಯಿತೋ ಎಂದು ಕಾರಿಡಾರಿಗೆ ಓಡಿದೆ. ಚನ್ನರಾಯಪಟ್ಟಣದವರು. "ಅತ್ಗೆ, ವ್ಯಾಪಾರದ ಮಧ್ಯದಾಗೆ ಎಲ್ಲಾ ಮಾಯ ಆಗೋಯ್ತು." ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪು ಮಲಗಿಬಿಡುತ್ತದೆ ಎಂದು ನನಗೆ ಯಾರು ಹೇಳಿದ್ದರು. ಸಂಜೆ ಬಂದು ಅದನ್ನು ಎಚ್ಚರವಾಗಿಯೇ ಇರುವ ಹಾಗೆ ಮಾಡಿದೆ. ಅಂದಿನಿಂದ ಅಂಕ ತುಂಬುವ ಕೆಲಸವನ್ನು ಸ್ಕೂಲಿನ ಕಂಪ್ಯೂಟರಿನಲ್ಲಿ ಮಾಡಬೇಕಾಯಿತು.

ಆ ಭಾನುವಾರ ಅರಕಲಗೂಡಿನವರು ಹೆಂಡತಿಯ ಜೊತೆ ಇವರನ್ನು ನೋಡಲು ಬಂದರು. ಕಾರಿನಿಂದ ಒಂದು ಚೀಲ ಹೊಸ ಆಲೂಗೆಡ್ಡೆ ಇಳಿಸಿದರು. ಆಕೆಯನ್ನು ಮದುವೆ ಮುಂಜಿಗಳಲ್ಲಿ ನೋಡಿದ್ದೆ, ನಮಸ್ಕಾರ ಚೆನ್ನಾಗಿದೀರಾ ಅನ್ನುವಷ್ಟೇ ಪರಿಚಯ. ನನಗಿಂತ ಸ್ವಲ್ಪ ಚಿಕ್ಕವರು, ಬಿಎಸ್ಸಿ ಮಾಡಿದವರು, ಅಂಗಡಿಯ ಬಿಲ್ಲಿನ ಕಂಪ್ಯೂಟರ್ ಅವರದೇ ಜವಾಬ್ದಾರಿ. ಗಂಡಸರಿಬ್ಬರೂ ಕೋಣೆಯಲ್ಲಿ ಮಾತಿಗೆ ಕೂತರು. ಆಕೆ ಅಡುಗೆಮನೆಗೆ ಬಂದು ಸೊಪ್ಪು ಬಿಡಿಸಲು ಕೂತರು. ಏನೋ ಹೇಳಬೇಕು ಅನ್ನುವ ಹಾಗೆ ಎರಡು ಸಲ ನನ್ನ ಮುಖ ನೋಡಿದರು.

"ಅಕ್ಕ, ಒಂದ್ ಮಾತ್ ಕೇಳ್ಲಾ? ಬೇಜಾರ್ ಮಾಡ್ಕಬಾರ್ದು."

"ಕೇಳಮ್ಮ."

"ಈಗ ಸರ್ವರ್ ನೋಡ್ಕಳೋರು ನೀವೇ ಅಂತಲ್ಲ. ನಂದು ಒಳೀಕ್ಕೇ ಓಯ್ತಿಲ್ಲ. ಆ ಎಸ್ರಿನೋರು ಯಾರೂ ಇಲ್ಲ ಅಂತದೆ."

"ನಿಂದು ಅಂದ್ರೆ?"

"ಟೆಸ್ಟ್ ಟು."

ಬೇಯುತ್ತಿದ್ದ ಬೇಳೆ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಉರಿ ಸಣ್ಣ ಮಾಡಿ ತಿರುಗಿ ನೋಡಿದೆ. ಆಕೆ ಸೊಪ್ಪು ಬಿಡಿಸುತ್ತಲೇ ಇದ್ದರು.

"ಅದು ನಿಮ್ಮೆಜಮಾನ್ರು ಪರೀಕ್ಷೆ ಮಾಡಕ್ಕೆ ಅಂತ ಮಾಡ್ಕೊಂಡಿದ್ದು ಅಲ್ವಾ?"

"ಮಾಡಿದ್ದು ಅವ್ರೇ. ಒಂದ್ಸಲ ನೋಡಿ ಮರ್ತ್‌ಬುಟ್ರು. ಅಂಗ್ಡಿ ಕಂಪ್ಯೂಟ್ರಲ್ಲಿ ಅಂಗೇ ಇತ್ತು. ಕೊರೊನಾದಾಗೆ ಅರ್ಧ ಬಾಗ್ಲು ಹಾಕ್ಕಂಡು ಕೂತಿದ್ವಲ್ಲ, ಆವಾಗ ಒಂದಿನ ಒಳೀಕ್ ಓಗಿ ನೋಡ್ದೆ. ಆಮೇಲೆ ಬಿಡಕ್ಕಾಗ್ಲಿಲ್ಲ."

"ಇಷ್ಟು ವರ್ಷ ನೀನು ಆಡ್ತಿದ್ದೆಯಾ?"

"ಗಿರಾಕಿ ಇಲ್ಲದಾಗ. ಎರಡು ಗ್ರಹ ಮಾಡಿದ್ದೆ ಅಕ್ಕ."

ಆ ಎರಡು ಗ್ರಹ ಎನ್ನುವುದನ್ನು ಆಕೆ ಹೇಳಿದ ದನಿಯನ್ನು ನಾನು ಬೇರೆ ಕಡೆ ಕೇಳಿದ್ದೆ. ಹಟ್ಟಿಗೆ ಬಾರದ ಹಸುವನ್ನು ಹುಡುಕಿಕೊಂಡು ಬಂದವರು ಹಾಗೆ ಕೇಳುತ್ತಾರೆ. ಗ್ರಹ ಅನ್ನುವುದು ಎಲ್ಲಿದೆ, ಏನದು, ಒಂದಿಷ್ಟು ಅಕ್ಷರ ಅಲ್ಲವೇ ಎಂದು ಒಂದು ಮನಸ್ಸು. ನಾನು ಚಾಪೆಯ ಮೇಲೆ ಕೂತು ಒಂದು ಕೀಲಿ ಒತ್ತಿ ಈಕೆ ವರ್ಷಗಟ್ಟಲೆ ಮಾಡಿದ್ದನ್ನು ಕಸದಂತೆ ಎಸೆದೆನಲ್ಲ ಎಂದು ಇನ್ನೊಂದು ಮನಸ್ಸು. ಯಾವುದನ್ನು ನಂಬಬೇಕೋ ತಿಳಿಯಲಿಲ್ಲ.

"ನಾನೇ ತೆಗ್ದೆ ಕಣಮ್ಮ. ಕಸ ಅಂತ ಹೇಳಿದ್ರು, ತೆಗ್ದೆ. ಯಾರಾದ್ರೂ ಇದಾರೆ ಅಂತ ಗೊತ್ತಿರ್ಲಿಲ್ಲ."

ಆಕೆ ಸೊಪ್ಪನ್ನು ಪಕ್ಕಕ್ಕಿಟ್ಟರು.

"ನೀನು ಅವ್ರಿಗೆ ಹೇಳಿದ್ರೆ ಆಗ್ತಿತ್ತಲ್ಲ?"

"ಯೋಳ್ಬಾರ್ದು ಅಂತೇನಿಲ್ಲ ಕಣಕ್ಕ. ಯಾರೂ ಕೇಳ್ಲಿಲ್ಲ. ಆಮೇಲೆ ಒಂದಿನ ಸಾಮಾನ್ ತುಂಬ್ಕಂಡು ಓಯ್ತಿದ್ದೆ, ಅಡ್ಡ ಬಂದು ನನ್ ಶಿಪ್ನೇ ಒಡ್ದಾಕಿದ್ರು. ಅದಾದ್ಮೇಲೆ ಯೋಳಕ್ಕೆ ಮನ್ಸೂ ಬರ್ಲಿಲ್ಲ."

"ಯಾರು ಒಡೆದಿದ್ದು?"

"ನಮ್ಮನೆಯವ್ರೇ."

ನನಗೆ ನಗು ಬಂತು. ಆಕೆ ನಗಲಿಲ್ಲ. ಆಮೇಲೆ ಆಕೆಗೂ ಬಂತು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಒಳಗಿನಿಂದ ಇವರು ಏನಾಯ್ತು ಅಂದರು. ಬೇಳೆ ಉಕ್ಕಿತು ಅಂದೆ.

ಊಟಕ್ಕೆ ಕೋಣೆಯಲ್ಲೇ ಕೂತೆವು, ಇವರು ಮೇಲೇಳುವ ಹಾಗಿರಲಿಲ್ಲವಲ್ಲ. ಮಂಚದ ಕೆಳಗೆ ಸ್ಟೂಲಿಟ್ಟು ಅದರ ಮೇಲೆ ತಟ್ಟೆ ಇಟ್ಟರೆ, ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ನುಂಗಲು ಅವರಿಗೆ ಕಣ್ಣು ಬೇಕಾಗಿರಲಿಲ್ಲ. ಮಾತು ಆಟಕ್ಕೇ ಬಂತು. ಅರಕಲಗೂಡಿನವರು ಖುಷಿಯಲ್ಲಿದ್ದರು.

"ಗೊತ್ತೇನ್ಲಾ, ನೀನು ಸರ್ವರ್ ಎಬ್ಬಿಸಿದ್ ಮ್ಯಾಲೆ ಎರಡು ಗ್ರಹ ವಾರಸ್ದಾರ್ರೇ ಇಲ್ದಂಗೆ ಬಿದ್ದಿದ್ವು. ಒಂದ್ನ ನಾನ್ ಇಡ್ಕಂಡೆ, ಇನ್ನೊಂದ್ನ ಚನ್ರಾಯಪಟ್ಣದೋನು ಇಡ್ಕಂಡ. ಒಳ್ಳೆ ಫಸ್ಲು ಇರೋ ಗ್ರಹ ಕಣ್ಲಾ."

"ಯಾರ್ದಿತ್ತು ಅದು?" ಅಂದರು ನಮ್ಮವರು.

"ನಿಂದೇ ಇರ್ಬೇಕು. ಕಳ್ಳ ಅಕೌಂಟ್ ಇಟ್ಕಂಡಿದೀಯ ಅಂತ ನಂಗೆ ಮೊದ್ಲಿಂದ್ಲೂ ಗುಮಾನಿ. ಅದ್ಕೇ ಒಂದ್ಸಲ ಅಡ್ಡ ಆಕ್ಕಂಡು ಬಾರಿಸ್ದೆ."

"ನಂದಲ್ಲ. ನಾನು ನಿಂದು ಅಂದ್ಕಂಡಿದ್ದೆ."

ಇಬ್ಬರಿಗೂ ಗಲಿಬಿಲಿಯಾಯಿತು. ಆಕೆ ಗಂಡನ ತಟ್ಟೆಗೆ ಸಾರು ಬಡಿಸುತ್ತಾ, "ನಂದು" ಅಂದರು.

"ಏನ್ ನಿಂದು?"

"ಗ್ರಹ. ನೀವ್ ಬಾರ್ಸಿದ್ದೂ ನನ್ನೇ."

ಅರಕಲಗೂಡಿನವರು ಮುದ್ದೆಯ ತುತ್ತನ್ನು ಕೈಯಲ್ಲೇ ಹಿಡಿದು ಹೆಂಡತಿಯ ಮುಖ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಹೌದು ಎಂದು ತಲೆಯಾಡಿಸಿದೆ. ಮಂಚದ ಮೇಲೆ ಇವರ ಬೆನ್ನು ಕುಲುಕತೊಡಗಿತು. ನಗುತ್ತಿದ್ದರು. ಜೋರಾಗಿ ನಗಬೇಡಿ, ಕೆಮ್ಮಬೇಡಿ, ಕಣ್ಣಿಗೆ ಒತ್ತಡವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. "ರೀ, ನಗ್ಬೇಡಿ" ಎಂದು ನಾನು ಬೆನ್ನ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. ಹಿಡಿದ ಹಾಗೆಲ್ಲ ನಗು ಹೆಚ್ಚಾಯಿತು.

"ಯಾವಾಗ್ ಆಡ್ತಿದ್ದೆ ನೀನು?" ಅಂದರು ಅರಕಲಗೂಡಿನವರು.

"ನೀವು ಗೋಡೌನ್‌ಗೆ ಓದಾಗ."

"ನಂಗ್ಯಾಕೆ ಯೋಳ್ಲಿಲ್ಲ?"

"ನೀವು ಆಡ್ತೀನಿ ಅಂತ ನಂಗೆ ಯೋಳಿದ್ರಾ? ಪಕ್ಕದಾಗೆ ಕೂತಿದ್ರೂ ಜಿಎಸ್ಟಿ ನೋಡ್ತಿವ್ನಿ ಅಂತಿದ್ರಿ."

ಅವರು ತುತ್ತು ಬಾಯಿಗಿಟ್ಟು ನುಂಗಿದರು. ಆಮೇಲೆ, "ಓಗ್ಲಿ ಬುಡು. ಮನೇಲೇ ಐತಲ್ಲ ಗ್ರಹ. ನನ್ ತಾವ ಇದ್ರೇನು ನಿನ್ ತಾವ ಇದ್ರೇನು" ಅಂದರು.

"ಅಂಗಾಗಕಿಲ್ಲ. ಮನೆ ಬ್ಯಾರೆ, ಅದು ಬ್ಯಾರೆ. ವಾಪಸ್ ಕೊಡಿ" ಅಂದರು ಆಕೆ. ದನಿ ಏರಿಸಲಿಲ್ಲ.

ಊಟ ಆದ ಮೇಲೆ ಲ್ಯಾಪ್‌ಟಾಪ್ ಮುಂದೆ ನಾವಿಬ್ಬರೂ ಹೆಂಗಸರು ಕೂತೆವು. ಅಳಿಸಿದ್ದನ್ನು ಹಾಗೇ ತರಬೇಕಾದರೆ ಹಳೇ ಡಿಸ್ಕಿನಿಂದ ಎಲ್ಲವನ್ನೂ ಮತ್ತೆ ಹಾಕಬೇಕು, ಆಗ ಮಿಕ್ಕವರು ಈ ವಾರ ಮಾಡಿದ್ದೆಲ್ಲ ಹೋಗುತ್ತದೆ ಎಂದು ಇವರು ಹೇಳಿದರು. ಅದು ಬೇಡ ಅಂದರು ಆಕೆ. ಹೊಸದಾಗಿ ಹೆಸರು ಸೇರಿಸಿ, ಹಳೆಯ ಡಿಸ್ಕಿನಲ್ಲಿ ಆಕೆಯ ಹತ್ತಿರ ಏನೇನಿತ್ತು ನೋಡಿ, ಅಷ್ಟನ್ನು ಹಡಗಿಗೆ ತುಂಬಿಕೊಡುವುದು, ಗ್ರಹಗಳನ್ನು ಹಿಡಿದವರೇ ಬಿಟ್ಟುಕೊಡುವುದು ಎಂದಾಯಿತು. ನಾನು ಯಾರನ್ನೂ ಕೇಳದೆ ಸರಿಯಾದ ಕಿಟಕಿ ತೆರೆದೆ. ತೆರೆದ ಮೇಲೆ ನನಗೇ ಆಶ್ಚರ್ಯವಾಯಿತು. ಹೆಸರು ಕೇಳಿತು.

"ಟೆಸ್ಟ್ ಟು ಅಂತಲೇ ಹಾಕ್ಲಾ?"

"ಬ್ಯಾಡ. ಹುಚ್ಚೆಳ್ಳು ಅಂತ ಹಾಕಿ."

"ಹುಚ್ಚೆಳ್ಳಾ?"

"ಆ ಹೂವ ನಂಗಿಷ್ಟ."

ಇಂಗ್ಲಿಷ್ ಅಕ್ಷರದಲ್ಲಿ ಹುಚ್ಚೆಳ್ಳು ಬರೆಯುವುದು ಹೇಗೆಂದು ಸ್ವಲ್ಪ ಚರ್ಚೆಯಾಯಿತು. ಅರಕಲಗೂಡಿನವರು ಬಾಗಿಲಲ್ಲಿ ನಿಂತು, ತಮ್ಮ ಫೋನಿನಲ್ಲೇ ಆಟದೊಳಗೆ ಹೋಗಿ ಗ್ರಹವನ್ನು ಬಿಟ್ಟುಕೊಟ್ಟರು. ಬಿಡುವ ಮೊದಲು ಅಲ್ಲಿನ ಧಾನ್ಯವನ್ನು ತಮ್ಮ ಹಡಗಿಗೆ ತುಂಬಿಕೊಳ್ಳಲು ನೋಡಿದರಂತೆ. ಹೆಂಡತಿ ಪರದೆಯಲ್ಲಿ ಅದನ್ನು ಕಂಡು "ಇಳಿಸಿ" ಅಂದರು. ಇಳಿಸಿದರು.

ಚನ್ನರಾಯಪಟ್ಟಣದವರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಕೇಳಿ ಅವರು ಬಹಳ ನಕ್ಕರು. ಗ್ರಹದ ಮಾತು ಬಂದ ಕೂಡಲೇ ನಗು ನಿಂತಿತು.

"ಅದು ಬಿದ್ದಿತ್ತು ಅತ್ಗೆ. ಬಿದ್ದಿದ್ನ ಎತ್ಕಂಡಿವ್ನಿ. ಅದ್ರ ಮ್ಯಾಲೆ ಕೋಟೆ ಗೀಟೆ ಎಲ್ಲಾ ಕಟ್ಸಿವ್ನಿ."

"ತಪ್ಪಾಗಿ ಬಿದ್ದಿದ್ದು. ಬೀಳ್ಸಿದ್ದು ನಾನು."

"ನೋಡಾನ ಬುಡಿ. ಒಂದೆರಡು ದಿನ ಟೈಮ್ ಕೊಡಿ."

ಎರಡು ದಿನವಾಯಿತು, ವಾರವಾಯಿತು. ಅವರು ನಿಜವಾಗಿ ಬೇಸರಪಟ್ಟಿದ್ದರು. ಕರೆಂಟು ಸಬ್‌ಸ್ಟೇಷನ್ನಿನ ಪಾಳಿಯಲ್ಲಿ ಕೂತು ಕಟ್ಟಿದ ಕೋಟೆಯಂತೆ ಅದು. ಆಕೆಯೂ ಬಿಡಲಿಲ್ಲ. ದಿನಾ ಸಂಜೆ ನನಗೆ ಮೆಸೇಜು, "ಅಕ್ಕ, ಏನಂದ್ರು?" ಎಂದು. ನಾನು ನಡುವೆ ಸಿಕ್ಕಿಕೊಂಡೆ. ಅವರು ಹೇಳುವುದೂ ಸರಿ, ಆಕೆ ಹೇಳುವುದೂ ಸರಿ ಅನ್ನಿಸುತ್ತಿತ್ತು. ಆಟವನ್ನೇ ಅರಿಯದ ನನ್ನನ್ನು ಎಲ್ಲರೂ ನ್ಯಾಯ ಹೇಳುವವಳನ್ನಾಗಿ ಮಾಡಿದ್ದರು. ಇವರನ್ನು ಕೇಳಿದರೆ, "ಸರ್ವರ್ ನಿಂದು, ನೀನೇ ನೋಡು" ಅನ್ನುತ್ತಿದ್ದರು.

ಅಷ್ಟರಲ್ಲಿ ಇವರಿಗೆ ಮಕಾಡೆ ಮಲಗುವುದು ಮುಗಿದಿತ್ತು. ಗುಳ್ಳೆ ದಿನೇ ದಿನೇ ಸಣ್ಣದಾಗುತ್ತಿತ್ತು. ಮಟ್ಟಗೋಲಿನ ಒಳಗಿನ ನೀರಿನ ಹಾಗೆ ಕಣ್ಣೊಳಗೆ ಒಂದು ಗೆರೆ ಆಡುತ್ತದೆ, ಗೆರೆಯ ಮೇಲುಗಡೆ ನೀನು ಕಾಣ್ತೀಯ, ಕೆಳಗೆ ಕಾಣಲ್ಲ ಅಂದರು. ಇನ್ನೊಂದು ವಾರಕ್ಕೆ ಗೆರೆ ಕೆಳಗಿಳಿದು ನಾನು ಸೊಂಟದವರೆಗೆ ಕಂಡೆನಂತೆ. ಕೊನೆಗೊಂದು ಬೆಳಗ್ಗೆ ಗುಳ್ಳೆಯೇ ಇರಲಿಲ್ಲ. ಮೈಸೂರಿಗೆ ಹೋದಾಗ ಡಾಕ್ಟರು ಪರದೆ ಕೂತಿದೆ ಅಂದರು. ನೇರವಾದ ಗೆರೆಗಳು ಮಾತ್ರ ಸ್ವಲ್ಪ ಸೊಟ್ಟಗೆ ಕಾಣುತ್ತವೆ, ಅದು ಹಾಗೇ ಉಳಿಯಬಹುದು ಎಂದೂ ಹೇಳಿದರು. ಬಾಗಿಲಿನ ಚೌಕಟ್ಟು ನಡುವೆ ಬಾಗಿದ ಹಾಗೆ ಕಾಣುತ್ತದಂತೆ. ಜೀವನವಿಡೀ ಕಾಲುವೆಗೆ ಗೆರೆ ಎಳೆದವರು. ಅದನ್ನು ಹೇಳಿದಾಗ ಇವರು ಬೇಸರ ತೋರಿಸಲಿಲ್ಲ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಸರಳನ್ನು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ನೋಡುತ್ತಲೇ ಬಂದರು.

ಕಂಪ್ಯೂಟರ್ ಪರದೆ ನೋಡುವ ಕೆಲಸಕ್ಕೆ ಇನ್ನೂ ಕೆಲವು ತಿಂಗಳು ಅವಸರ ಬೇಡ ಎಂದಿದ್ದಾರೆ. ಹಾಗಾಗಿ ಸರ್ವರ್ ನನ್ನ ಕೈಯಲ್ಲೇ ಇದೆ. ಅದು ದಿನಾ ಏನೇನೋ ಎಚ್ಚರಿಕೆ ಕೊಡುತ್ತದೆ. ಕೆಲವಕ್ಕೆ ಹೂಂ ಅನ್ನುತ್ತೇನೆ, ಕೆಲವಕ್ಕೆ ಬೇಡ ಅನ್ನುತ್ತೇನೆ. ಹೆಚ್ಚಿನವು ನನಗೆ ಅರ್ಥವಾಗುವುದಿಲ್ಲ. ಅಳಿಸುವುದಕ್ಕೆ ಮೊದಲು ಮಾತ್ರ ಎಲ್ಲರಿಗೂ ಫೋನ್ ಮಾಡಿ ಕೇಳುತ್ತೇನೆ.

ಮೊನ್ನೆ ಹೊಳೆನರಸೀಪುರದ ಸ್ಟಾಫ್‌ರೂಮಿನಲ್ಲಿ ಟೀ ಕುಡಿಯುತ್ತಿದ್ದಾಗ ಚನ್ನರಾಯಪಟ್ಟಣದವರ ಫೋನ್ ಬಂತು. "ಬುಟ್‌ಕೊಟ್ಟಿವ್ನಿ ಅತ್ಗೆ. ಖಾಲಿ ಮಾಡಿವ್ನಿ. ಕೋಟೇನೂ ಅಂಗೇ ಬುಟ್ಟಿವ್ನಿ, ಇಟ್ಕಳ್ಳಲಿ. ನೀವೊಂದ್ ಮಾತು ಯೋಳ್ಬುಡಿ ಅವ್ರಿಗೆ" ಅಂದರು. ಧನ್ಯವಾದ ಹೇಳಿ ಇಟ್ಟೆ. ಕೂಡಲೇ ಆಕೆಗೆ ತಿಳಿಸಿದೆ. ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು. ಹೋಗಿ ನೋಡಿದರಂತೆ. ಗ್ರಹ ಇದೆ, ಕೋಟೆ ಇದೆ, ಆದರೆ ಇಂಧನ ಮೊದಲಿದ್ದುದರಲ್ಲಿ ಅರ್ಧವೂ ಇಲ್ಲ, ಅದ್ಯಾಕೆ ಎಂದು ಸ್ವಲ್ಪ ಕೇಳಿ ಹೇಳಿ ಅಕ್ಕ, ಎಂದು ಬರೆದಿದ್ದರು.

ಪಕ್ಕದಲ್ಲಿ ಕೂತಿದ್ದ ಗಣಿತದ ಮೇಡಂ, "ಯಾರದ್ದು, ಮನೆ ವಿಷ್ಯಾನಾ?" ಎಂದು ಕೇಳಿದರು. ಹೌದು ಎನ್ನಬೇಕೋ ಅಲ್ಲ ಎನ್ನಬೇಕೋ ಯೋಚಿಸುತ್ತಾ ಕೂತೆ. ಬೆಲ್ ಹೊಡೆಯಿತು.